ಹಸ್ತಾಂತರ

ಕೌನ್ಸಿಲ್ಲಿನ ಮೂರನೆಯ ಮಹಡಿಯಲ್ಲಿ ಕೂತು
ಆರೈಕೆ ಕೊಳ್ಳುವವಳು ನಾನು.
ಹೌದು, ಕೊಳ್ಳುವುದೇ. ಗಂಟೆಗಿಷ್ಟು ಪೌಂಡು,
ಕಾಲುಗಂಟೆಯ ಹೋಳುಗಳಾಗಿ ಕತ್ತರಿಸಿ,
ಐದು ಲಾಟು ಕಟ್ಟಿ.
ನಾಲ್ಕನೆಯ ಲಾಟು: ಸಿಲ್ಲಾತ್ ಮತ್ತು ಸುತ್ತಲ ಕರಾವಳಿ.
ಇನ್ನೂರ ಹದಿನಾಲ್ಕು ಮನೆ, ಒಂದು ಸಮುದ್ರ.
ಸಮುದ್ರಕ್ಕೆ ದರ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ನಾವು ಮೂವರು
ಕಿಟಕಿಯಿಲ್ಲದ ಕೋಣೆಯಲ್ಲಿ ಅಂಕ ಹಾಕಿದೆವು.
ಬೆಲೆಗೆ ಅರವತ್ತು, ಗುಣಕ್ಕೆ ನಲವತ್ತು.
ಆ ನಲವತ್ತರೊಳಗೆ ಐದು
ನಿನ್ನೆ ಬಂದ ಮುಖವೇ ಇವತ್ತೂ ಬರುವುದಕ್ಕೆ.
ಒಂದು ಕಂಪನಿಯ ಮುಖಪುಟದಲ್ಲಿ ಮುದುಕಿಯೊಬ್ಬಳು ನಗುತ್ತಿದ್ದಳು.
ಇನ್ನೊಂದರ ಏಳನೆಯ ಪುಟದಲ್ಲೂ
ಅವಳೇ, ಅದೇ ಸ್ವೆಟರು, ಅದೇ ನಗು.
ಇಬ್ಬರಿಗೂ ಮೂರು ಮೂರು ಕೊಟ್ಟು ಚಹಾ ಕುಡಿದೆವು.
ಉಳಿದದ್ದನ್ನು ಮೂವತ್ತೆರಡು ಪೆನ್ನಿ ತೀರ್ಮಾನಿಸಿತು.

ಆಮೇಲೆ ಹಸ್ತಾಂತರದ ಪಟ್ಟಿ.
ಹೆಸರು, ಮಾತ್ರೆ, ಎಬ್ಬಿಸಲು ಎಷ್ಟು ಜನ ಬೇಕು,
ಬಾಗಿಲ ಪಕ್ಕದ ಕೀಲಿಪೆಟ್ಟಿಗೆಯ ನಾಲ್ಕು ಅಂಕಿ.
ಅರ್ನೆಸ್ಟ್ ಬಾರ್ವೈಸ್, ಎಂಬತ್ತೊಂಬತ್ತು,
ಹಿಟ್ಟಿನ ಗಿರಣಿಯಿಂದ ನಿವೃತ್ತ. ೧೯೫೮.
ಮದುವೆಯಾದ ವರುಷವೋ, ಮಗು ಹುಟ್ಟಿದ್ದೋ, ಹೋದದ್ದೋ.
ಆತನ ಮುಖ ಕಂಡವಳಲ್ಲ ನಾನು,
ಆತನ ಬಾಗಿಲು ಮಾತ್ರ ತೆರೆಯಬಲ್ಲೆ.
ಆ ಸಾಲು ಕಳಿಸುವಾಗ ಬೆರಳು ತಡೆಯಿತು,
ಒಂದು ಗಳಿಗೆ. ಕಳಿಸಿದೆ.

ಮಾರ್ಚ್ ಮೂವತ್ತೊಂದರ ನಡುರಾತ್ರಿ
ಗುತ್ತಿಗೆ ಕೈದಾಟಿತು, ಸದ್ದಿಲ್ಲದೆ.

ಬೆಳಿಗ್ಗೆ ಏಳಕ್ಕೆ, ತಪಾಸಣೆಯೆಂದು, ನಾನೇ ಹೋದೆ.
ಆಚೆ ದಡದ ಕ್ರಿಫೆಲ್ ಗುಡ್ಡ ಇನ್ನೂ ಅರ್ಧ ಕತ್ತಲು,
ಕಿವಿಯೊಳಗೆ ಮರಳು ತುಂಬುವ ಗಾಳಿ.
ಮೊರಾಗ್ ಟೈಸನ್ ಬಾಗಿಲ ಮುಂದೆ ನಿಂತಿದ್ದಳು.
ನೇರಳೆ ಅಂಗಿ, ಮಡಿಕೆಯ ಗೆರೆ ಹೋಗಿಲ್ಲ.
“ಕೆಲಸಕ್ಕೆ ಹೊಸಬರಾ?”
“ಅಂಗಿ ಹೊಸದು” ಎಂದಳು.
“ಹಸಿರಲ್ಲಿ ನಾಲ್ಕು ವರ್ಷ, ನೀಲಿಯಲ್ಲಿ ಮೂರು.
ನೀವು ಕಂಪನಿ ಬದಲಿಸಿದಾಗೆಲ್ಲ
ಪಾತ್ರೆ ಜೊತೆ ಮುಚ್ಚಳ ಹೋದಂಗೆ ನಾನೂ ಹೋಗ್ತೀನಿ.”

ಗಂಟೆ ಒತ್ತಿದಳು. ನಿಂತಳು. ನಾನೂ ನಿಂತೆ.
ಕೀಲಿಪೆಟ್ಟಿಗೆ ಕೈಯಳತೆಯಲ್ಲೇ ಇತ್ತು,
ಮುಚ್ಚಳದ ಸಂದಿಯಲ್ಲಿ ಉಪ್ಪು ಕಟ್ಟಿ ತುಕ್ಕು ಹಿಡಿದಿತ್ತು.
“ಅದನ್ನ ಯಾರೂ ಮುಟ್ಟಲ್ಲ. ಬಾಗಿಲು ಅವರೇ ತೆಗೀಬೇಕು.
ಹಾಸಿಗೆಯಿಂದ ಇಲ್ಲಿಗೆ ಹನ್ನೊಂದು ನಿಮಿಷ.
ಹೋದ ವರ್ಷ ಒಂಬತ್ತಿತ್ತು.”
ಮತ್ತೆ ಆ ಐವತ್ತೆಂಟು?
“ಪೆಟ್ಟಿಗೆ ಜೊತೆ ಬಂದ ಅಂಕಿ.
ಬದಲಾಯಿಸೋಕೆ ಸ್ಕ್ರೂಡ್ರೈವರ್ ಬೇಕು ಅಂತ ಬಿಟ್ಟರು.”

ಹನ್ನೊಂದು ನಿಮಿಷದ ಸಂಬಳ ಯಾರು ಕೊಡುತ್ತಾರೆ
ಎಂದು ಕೇಳಬೇಕಿತ್ತು. ಕೇಳಲಿಲ್ಲ. ಗೊತ್ತಿತ್ತು.

ಐದನೆಯ ನಿಮಿಷಕ್ಕೆ ಅವಳ ಹೊಸ ಫೋನು ಕಿರುಗುಟ್ಟಿ ಕೆಂಪಾಯಿತು.
ಹೊತ್ತಿಗೆ ಒಳಗಿರದಿದ್ದರೆ ಕೆಂಪು, ಮೂರು ಕೆಂಪಿಗೆ ದಂಡ.
ಕಲಂ ಏಳು, ಉಪಕಲಂ ಮೂರು.
ಬರೆದವಳು ನಾನು. ಒಳ್ಳೆಯದಕ್ಕೇ ಬರೆದಿದ್ದೆ,
ಯಾರನ್ನೂ ಯಾರೂ ಕಾಯಿಸಬಾರದೆಂದು.

ಒಳಗೆ ವಾಕರಿನ ಸದ್ದು.
ಟಕ್. ಎಳೆತ. ಟಕ್.
ನಡುವೆ ನಿಂತಿತು. ಮೊರಾಗ್ ಬಾಗಿಲಿಗೆ ಬಾಯಿಟ್ಟು
ಕೂಗಲಿಲ್ಲ, ಫೋನನ್ನು ಜೇಬಿಗಿಟ್ಟಳು.
ಮತ್ತೆ ಟಕ್.
ಮಲಗಿದ ಊರಿನಲ್ಲಿ ಆತ ಒಬ್ಬನೇ
ಕೆಲಸಕ್ಕೆ ಹೊರಟವನಂತೆ ಬರುತ್ತಿದ್ದ.

ಬಾಗಿಲು ತೆರೆಯಿತು. ಪೈಜಾಮದ ಮೇಲೆ ಟೈ.
ಕಣ್ಣು ಮಂಜು, ನೇರಳೆ ಅಂಗಿ ಅವರಿಗೆ ಕಾಣಲಿಲ್ಲ.
ಮೊರಾಗಳ ಮಣಿಕಟ್ಟು ಹಿಡಿದು, ಹೆಬ್ಬೆರಳು ಆಡಿಸಿ,
ಹಿಟ್ಟು ಉಜ್ಜಿ ಗೋಧಿಯ ತಳಿ ಹೇಳುವವರ ಹಾಗೆ
“ನೀನೇ” ಎಂದರು.
ಆಮೇಲೆ ಇನ್ನೊಂದು ಉಸಿರಿನ ಕಡೆ ತಿರುಗಿ ಕೈ ಚಾಚಿದರು.
ಕೊಟ್ಟೆ.
“ಅಬ್ಬಾ, ಹಿಮ! ಎಷ್ಟು ಹೊತ್ತಾಯ್ತು ನಿಂತು?”

ಮೊರಾಗ್ ನನ್ನನ್ನು ನೋಡಿದಳು.

“ಈಗಷ್ಟೇ” ಎಂದೆ.