ಸೀಸದ ಮುದ್ರೆ

ಇಪ್ಪತ್ತೆರಡು ವರ್ಷ ಈ ಊರಿನ ಹಿತ್ತಲು ಓದಿದವ ನಾನು.
ಮುಂಬಾಗಿಲು ಯಾರಿಗೂ ಗೊತ್ತುಂಟು. ಮೀಟರಿರುವುದು
ಬಚ್ಚಲ ಪಕ್ಕ, ನಾಯಿ ಕಟ್ಟಿದ ಕಂಬದ ಹಿಂದೆ,
ಒಣಮೀನಿನ ಬುಟ್ಟಿಯ ಮೇಲೆ.
ಜೆಪ್ಪು, ಬೋಳಾರ, ಮಾರ್ಗನ್ಸ್‌ಗೇಟು:
ಯಾವ ಕಂಪೌಂಡಿನ ಕೆಂಪುಕಲ್ಲು ಎಲ್ಲಿ ಬಿರಿದಿದೆ,
ಯಾವ ಬಿರುಕಿನಲ್ಲಿ ಎಕ್ಕ ಎದ್ದಿದೆ,
ಬಾಯಿಪಾಠ.

ಎಕ್ಕ ಅಂದರೆ ನಮ್ಮ ಲೈನ್‌ಮನ್ ಚೆಲುವಯ್ಯನಿಗೆ ಬೈಗುಳ.
ಘಟ್ಟದ ಮೇಲಿನವ, ಮಂಡ್ಯದ ಕಡೆ.
ಫ್ಯೂಸು ಹಾರಿದರೆ, ಮಳೆಗೆ ಏಣಿ ಜಾರಿದರೆ
‘ನಿನ್ನ ಮನೆ ಎಕ್ಕ ಹುಟ್ಟಿ ಹೋಗ’ ಎನ್ನುತ್ತಾನೆ
ಕಂಬಕ್ಕೆ!
ಹೌದು, ಪಾಳುಬಿದ್ದಲ್ಲೇ ಅದು ಹುಟ್ಟುವುದು.
ಕೆಡವಿದ ಹೆಂಚಿನ ಕಾರ್ಖಾನೆಯ ನೆಲದಲ್ಲಿ
ಚಿಮಣಿಯೊಂದು ಉಳಿದಿದೆ, ಸುತ್ತ ಎಕ್ಕದ ಸಂತೆ.

ಅಲ್ಲೇ ಮೊದಲು ಕಂಡದ್ದು. ಎಲೆಯಡಿ
ಸೂಜಿಮೊನೆಯಷ್ಟು ಬಿಳಿ. ಧೂಳೆಂದುಕೊಂಡೆ.
ಬಿಲ್ಲು ತಪ್ಪಾಗಿದೆಯೆಂದು ಯಾರೋ ಜಗಳಕ್ಕೆ ಕರೆದು
ವಾರದ ಮೇಲೆ ಅದೇ ದಾರಿಯಲ್ಲಿ ಹೋದರೆ
ಪಟ್ಟೆಪಟ್ಟೆಯ ಹುಳ,
ಹುಲಿವೇಷಕ್ಕೆ ಬಣ್ಣ ಬಳಿಸಿಕೊಂಡು
ಒಣಗಲು ನಿಂತ ಪೋರನ ಹಾಗೆ.
ಮೊದಲು ಎಲೆಯ ನರ ಕಡಿದು ಹಾಲು ಸೋರಲು ಬಿಟ್ಟಿತು.
ಆಮೇಲೆ ಊಟ.
ಉಳಿದ ಕಹಿಯನ್ನು ರೆಕ್ಕೆಗೆ ಕಟ್ಟಿಕೊಳ್ಳುತ್ತದಂತೆ,
ಕೊಕ್ಕಿಟ್ಟ ಹಕ್ಕಿ ಉಗುಳಿ ಹೋಗುತ್ತದಂತೆ.

ಬೆನೆಡಿಕ್ಟಾ ಬಾಯಿಯ ಗೇಟಿನ ಸರಳಿಗೆ ತೂಗುತ್ತಿತ್ತು
ಹಸಿರು ಲೋಲಾಕು, ಮೈಗೆ ಚಿನ್ನದ ಚುಕ್ಕಿ.
‘ಬೆಂಡೋಲೆ ಅಡವಿಟ್ಟ ಮೇಲೆ
ಈ ಮನೆಯಲ್ಲಿರುವ ಚಿನ್ನ ಇದೊಂದೇ,
ಗೇಟು ಮೆಲ್ಲ ಹಾಕಿ’ ಅಂದರು.
ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ:
ಯೂನಿಟ್ಟು ಎಂಬತ್ತನಾಲ್ಕು. ಮೊಟ್ಟೆ ಆರು. ಹುಳ ಎರಡು.

ಬೋಳಾರದ ರಾಹಿಲಾ, ಒಂಬತ್ತನೇ ಕ್ಲಾಸು,
ನಾನು ಮೀಟರಿನ ಮೇಲಿನ ಬಲೆ ಒರೆಸುವಾಗ ಹೇಳಿದಳು:
‘ಅಮೇರಿಕದಲ್ಲಿ ಇದರ ನೆಂಟ ಒಂದುಂಟು,
ಹೆಸರೇ ರಾಜ. ಚಳಿಗೆ ದೇಶ ದೇಶ ದಾಟುತ್ತದೆ.’
ನಮ್ಮದಕ್ಕೆ ಪಟ್ಟವಿಲ್ಲ ಮಗಾ, ಪಾಸ್‌ಪೋರ್ಟಿಲ್ಲ.
ಬೋಳಾರದಿಂದ ಜೆಪ್ಪಿಗೆ ಹಾರುವುದಕ್ಕೂ
ನಡುವೆ ಒಂದು ಎಲೆ ಬೇಕು.

ಚೌತಿ ಕಳೆದದ್ದೇ ಬಂದ ದೂಮಪ್ಪ, ಬೆನ್ನಿಗೆ ಪಾಲಿಕೆಯ ಯಂತ್ರ.
ಒಂದು ಬೆಳಿಗ್ಗೆಗೆ ನಲವತ್ತು ಗಿಡ.
ಬೂಟಿನ ಮೇಲೆಲ್ಲ ಹಾಲು.
‘ನನಗೆಂತ ಗೊತ್ತು ಮಾರಾಯ್ರೆ,
ರಸ್ತೆ ಬದಿ ಹಸಿರು ಕಂಡರೆ ಕಡಿ ಅಂತ ಆರ್ಡರು.’
ಅವನದ್ದೂ ತಪ್ಪಲ್ಲ. ನಾನೂ ಹಾಗೆಯೇ
ಆರ್ಡರು ಬಂದರೆ ಫ್ಯೂಸು ಕೀಳುವವ.

ಜೇಬಿನಲ್ಲಿ ಸೀಲಿನ ತಂತಿ ಇತ್ತು, ಇಕ್ಕಳವಿತ್ತು.
ಮೀಟರಿಗೆ ಒತ್ತುವ ಸೀಸದ ಮುದ್ರೆಯನ್ನು
ಉಳಿದ ಗಿಡಗಳ ಕಾಂಡಕ್ಕೆ ಒತ್ತಿದೆ.
ಹನ್ನೊಂದು ಗಿಡ, ಹನ್ನೊಂದು ಸೀಲು.
ಆಡಿಟ್ಟಿನವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.
ಆದರೆ ಸೀಲು ಮುರಿದರೆ ದಂಡ,
ಇದು ಈ ಊರಿನ ಕೂಸಿಗೂ ಗೊತ್ತು.

ಮತ್ತೆ ಬಂದಾಗ ದೂಮಪ್ಪ ಯಂತ್ರ ನಿಲ್ಲಿಸಿ
ಕುಕ್ಕರುಗಾಲಲ್ಲಿ ಕೂತು ನೋಡಿದ.
ಕರೆಂಟಿಗೂ ಗಿಡಕ್ಕೂ ಎಂತ ಸಂಬಂಧ, ಕೇಳಲಿಲ್ಲ.
ಸುತ್ತು ಬಳಸಿ ಕಡಿದ,
ಕ್ಷೌರದವ ಕಿವಿ ಮಡಚಿ ಕತ್ತರಿ ಆಡಿಸುವ ಹಾಗೆ.

ಚೆಲುವಯ್ಯ ಈಗಲೂ ಕಂಬಕ್ಕೆ ಬೈಯುತ್ತಾನೆ.
ಕೆಳಗೆ ಏಣಿ ಹಿಡಿದು ನಾನು
ಮನಸ್ಸಿನಲ್ಲೇ ತಥಾಸ್ತು ಅನ್ನುತ್ತೇನೆ.

ಈ ತಿಂಗಳು ಎಣಿಸಿದೆ. ಹನ್ನೊಂದಿರಬೇಕಾದಲ್ಲಿ
ಇಪ್ಪತ್ತಾರು.
ಬಗ್ಗಿ ನೋಡಿದರೆ ಸೀಸವಲ್ಲ:
ಸೋಡಾ ಬಾಟಲಿಯ ಮುಚ್ಚಳ, ಕಲ್ಲಲ್ಲಿ ಜಜ್ಜಿ ಚಪ್ಪಟೆ ಮಾಡಿ
ಬೈಂಡಿಂಗ್ ತಂತಿಗೆ ಪೋಣಿಸಿದ್ದು.
ತಂತಿಯ ತುದಿಗೆ ಒಣಗಿದ ಎಕ್ಕದ ಹಾಲು.
ಖೋಟಾ ಸೀಲು ಕಂಡರೆ
ಅಂದೇ ವರದಿ ಮಾಡಬೇಕೆಂಬುದು ನಿಯಮ.

ಒಂದರ ಮೇಲೆ ಆಗಷ್ಟೇ ಹೊರಬಂದದ್ದು ಕೂತು
ಒದ್ದೆ ರೆಕ್ಕೆ ಬಿಚ್ಚುತ್ತಿತ್ತು, ಕಿತ್ತಳೆ, ಅಂಚಿಗೆ ಕಪ್ಪು.
ಪೆನ್ನು ತೆಗೆದು ಬರೆದೆ:
ಸೀಲು ಸರಿಯಿದೆ.