ಇಪ್ಪತ್ತಾರು ದಿನದ ರಜಾ

ಯಾವಾಗ ಬಂದಿ, ಅಂತಾರ ಮೊದಲ.
ಚಪ್ಪಲಿ ಬಿಡೂದರಾಗ ಎರಡನೇದ್ದು,
ಯಾವಾಗ ಹೊಂಟಿ?
ನಡುವ ಅರ್ಧ ಕಪ್ಪು ಚಾ.

ಈ ಸಲ ಇಪ್ಪತ್ತಾರು ದಿನ.
ಮಸ್ಕತ್ತಿನಾಗನ ಚೀಟಿ ಬರಕೊಂಡು ಬಂದೇನಿ:
ದವಡಿ ಹಲ್ಲು, ಚಾಳೀಸು, ಬ್ಯಾಂಕಿನ ಪಾಸ್‌ಬುಕ್ಕು,
ಆಧಾರ್ ಕಾರ್ಡು, ನಾಕು ಕುಬಸ.
ಹುಬ್ಬಳ್ಳಿಗೆ ಬರೂದಂದ್ರ ನನಗ
ಗ್ಯಾರೇಜಿಗೆ ಬಂದಂಗ.

ಕೊಪ್ಪೀಕರ ರೋಡಿನ ಹಲ್ಲಿನ ಡಾಕ್ಟರು, ಹುಡುಗ ಇನ್ನೂ,
ಬಾಯಾಗ ಬೆಳಕು ಬಿಟ್ಟು ಕೇಳಿದ,
"ನಿದ್ದ್ಯಾಗ ಹಲ್ಲು ಕಡಿತೀರೇನು, ಸಿಸ್ಟರ್?"
ಹತ್ತೊಂಬತ್ತು ವರ್ಷಾತಪಾ,
ಬಾಜೂ ಮಲಗಿ ಕೇಳಿದವರು ಯಾರದಾರ,
ಅನಬೇಕಂದೆ.
ಬಾಯಿ ತುಂಬ ಹತ್ತಿ ಇತ್ತು.

ಆಧಾರಿನ ಆಫೀಸಿನಾಗ ಹೆಬ್ಬೆಟ್ಟು ಇಟ್ಟೆ. ಕೆಂಪು ದೀಪ.
ಸೆರಗಿಗೆ ಒರಸಿ ಇಟ್ಟೆ. ಕೆಂಪು.
ಕೌಂಟರಿನ ಹುಡುಗಿ ನನ್ನ ಬೆರಳು ಹಿಡದು
ಬಳಿ ಅಂಗಡಿಯಾಕಿಗತೆ ಹೊರಳಿಸಿ ನೋಡಿದಳು.
"ಗೆರಿ ಸವದಾವ್ರೀ ಅಕ್ಕಾರ.
ಗೌಂಡಿಗಳದು, ಭಾಂಡೆ ತಿಕ್ಕೂವರದು ಹಿಂಗ ಆಗತೈತಿ.
ನೀವೇನು ಮಾಡ್ತೀರಿ?"
ಕೈ ತೊಳಕೊಂತೀನವಾ, ಅಂದೆ.
ಚಾಷ್ಟಿ ಅಂತ ತಿಳದು ನಕ್ಕಳು.
ಒಬ್ಬ ಪೇಷಂಟಿಗೂ ಇನ್ನೊಬ್ಬ ಪೇಷಂಟಿಗೂ ನಡುವ
ಇಪ್ಪತ್ತು ಸೆಕೆಂದು, ದಿನಕ್ಕ ಅರವತ್ತು ಸಲ.
ಅಲ್ಲಿ ಸಮುದ್ರದ್ದ ಉಪ್ಪು ತಗದು ನಳಕ್ಕ ಬಿಡತಾರ,
ಅದರಾಗ ಹೋಗ್ಯಾವು ನನ್ನ ಗೆರಿ.
"ಮತ್ತೊಮ್ಮೆ ಬರ್ರಿ," ಅಂದಳು.
ಯಾವಾಗ ಅಂತ ಇಬ್ಬರೂ ಅನಲಿಲ್ಲ.

ಕೇಶ್ವಾಪುರದ ಮನಿ ನನ್ನ ರಿಯಾಲಿನಾಗ ಎದ್ದದ್ದು.
ಫರಸಿ ನಂದು, ಸ್ಲ್ಯಾಬು ನಂದು,
ರಾತ್ರಿ ನೀರಡಿಸಿ ಎದ್ದಾಗ
ಸ್ವಿಚ್ಚು ಎಲ್ಲೈತಿ ಅಂತ ಗ್ವಾಡಿ ತಡಕತೀನಿ.
ಅಣ್ಣನ ಮಗಳ ಖೋಲ್ಯಾಗ ನನ್ನ ಗಾದಿ.
ಆಕಿ ಏಳೂದಕ್ಕ ಮೊದಲ ಸುತ್ತಿ ಇಡತೀನಿ.
ಯಾರೂ ಹೇಳಿಲ್ಲ ಹಂಗ ಮಾಡಂತ.

ದುರ್ಗದಬೈಲಿನ ಸಂದ್ಯಾಗ ನಾಗೂಸಾ
ಇನ್ನೂ ಅದ ಕಾಲು ಮಿಶನ್ನು ತುಳಿಯಾಕತ್ತಾನ.
ಹೆಸರು ಹೇಳಿದ್ದ ತಡ
ಸ್ಟೂಲು ಹತ್ತಿ ಹಳೇ ವಹಿ ಇಳಿಸಿದ, ಧೂಳು ಊದಿದ.
ದ್ರಾಕ್ಷಾಯಣಿ. ಎದಿ ಮೂವತ್ತೆರಡು. ತೋಳು ಹತ್ತು.
ಅಲ್ಲೇ ಇದ್ದಳು ಆಕಿ, ಪೆನ್ಸಿಲಿನಾಗ,
ಅವ್ವನ ಪಾಟ್ಲಿ ಮಾರಿ
ಎರಡ ವರ್ಷಕ್ಕಂತ ಹೊಂಟಾಕಿ.
ಟೇಪು ಹಿಡದ. ಬಾಜೂಕ ಹೊಸಾ ಅಳತಿ ಬರದ.
ಹಳೇದ್ದಕ್ಕ ಕಾಟು ಹೊಡಿಲಿಲ್ಲ.
"ಇರಲಿ ಬಿಡು ತಂಗಿ,
ಅದೇನು ಕೂಳು ಕೇಳತೈತಿ?"
ಆಮ್ಯಾಲ, ದಾರ ಹಲ್ಲಿಲೆ ಕಡಕೋತ,
"ಒಳಗ ಅರ್ಧ ಇಂಚು ಅರಿವಿ ಮಡಚಿ ಬಿಡತೀನಿ.
ಬಿಗಿ ಆದ್ರ ಬಿಚ್ಚಿಕೋ."

ಹೊಂಟ ದಿನ ತೂಕದ ಕೊಕ್ಕಿಗೆ ಬ್ಯಾಗು ತೂಗಹಾಕಿದ್ವಿ.
ಎರಡು ಕಿಲೋ ಹೆಚ್ಚು.
ವೈನಿ ಕಟಕ ರೊಟ್ಟಿ ಕಡೆ ನೋಡಲಿಲ್ಲ,
ನಾನು ಗುರೆಳ್ಳು ಚಟ್ನಿ ಕಡೆ.
ನಾಕೂ ಕುಬಸ ಹೊರಗ ತಗದೆ.
ಅಲ್ಲಿ ತೊಟ್ಟು ಎಲ್ಲಿಗೆ ಹೋಗಲಿ?
ಹುಡುಗಿ ತನ್ನ ಕಪಾಟಿನಾಗ
ನಾಕು ಬಟ್ಟು ಜಾಗಾ ಮಾಡಿದಳು.
ಇಪ್ಪತ್ತಾರು ದಿನದಾಗ ಸಿಕ್ಕ ಸ್ವಂತ ಜಾಗಾ ಅದೊಂದ.

ಮುಂಬೈ ಬಸ್ಸು ಧಾರವಾಡ ದಾಟೂದರಾಗ
ಮೊಬೈಲಿಗೆ ಡ್ಯೂಟಿ ಪಟ್ಟಿ ಬಂತು. ಆರು ನೈಟು.

ಮೊದಲನೇ ರಾತ್ರಿ, ಒಂಬತ್ತನೇ ಹಾಸಿಗಿ.
ಅರಬ್ಬೀ ಮುದುಕಿ ನನ್ನ ಮುಂಗೈ ಹಿಡದಳು,
ಗೋರಂಟಿ ಮಾಸಿದ ಉಗುರು ಆಕೀವು.
ಬಲದ್ ಅಂದಳು. ಊರು ಅಂತ ಅದರರ್ಥ.
ಊರಿಂದ ಯಾವಾಗ ಬಂದಿ?
ಮುಂಜಾನೆ, ಅಂದೆ.
ಎರಡನೇದ್ದು ಕೇಳತಾಳಂತ
ಸಲೈನಿನ ಹನಿ ಎಣಸಿಕೋತ ನಿಂತೆ.
ಆಕಿಗೆ ನಿದ್ದಿ ಹತ್ತಿತು.

ಕೈ ಬಿಡಿಸಿಕೊಂಡು
ನಳಾ ತಿರುವಿದೆ.