ಪರದೇಶಿ ಹಲಗೆ

ಕಿಟಕಿಯ ಕಟ್ಟೆಯ ಮೇಲೆ ಐದು ತುಂಡು ಇಟ್ಟಿದ್ದೇನೆ,
ಬೆನ್ನಿಗೆ ಸೀಸದಕಡ್ಡಿಯಲ್ಲಿ ಬರೆದು:
ಅಗಸೆ ಎಣ್ಣೆ, ಟಂಗ್ ಎಣ್ಣೆ, ಅರಗು, ವಾರ್ನಿಶ್.
ಐದನೆಯದರ ಬೆನ್ನಿಗೆ: ಏನೂ ಇಲ್ಲ.
ಫ್ಲಿಸಿಂಗನ್ ಬಂದರಿನ ಬಿಸಿಲು ಜಿಪುಣ,
ಮಾರ್ಚಿಯಲ್ಲಿ ಚಿಲ್ಲರೆ ಎಣಿಸಿದಂತೆ ಕೊಡುತ್ತದೆ.
ಆದರೂ ಸಾಕು, ಮರಕ್ಕೆ ವಯಸ್ಸಾಗಲು.

ತನ್ನೆಟ್ಯೆ ದಿನ ಬಿಟ್ಟು ದಿನ ಬರುತ್ತಾಳೆ,
ಸೈಕಲ್ಲು ಗೋಡೆಗೊರಗಿಸಿ, ಕೈಗವಸು ತೆಗೆಯದೆ ಮೇಜು ಸವರುತ್ತಾಳೆ.
‘ಈ ನೇರಳೆ ಹೀಗೇ ಇರಬೇಕು, ಮೆರ್ಲೀನ್.
ಇದಕ್ಕೇ ಅಲ್ಲವೆ ದುಡ್ಡು ಕೊಟ್ಟದ್ದು.’

ಹೀಗೇ ಎಂದರೆ ಯಾವ ಹೀಗೆ?
ಗರಗಸದಿಂದ ಇಳಿದಾಗ ಇದು ಬೂದು,
ತೊಳೆಯದ ಪಾತ್ರೆಯ ಬಣ್ಣ.
ನಾಲ್ಕು ದಿನ ಬೆಳಕು ಕುಡಿದು ನೇರಳೆಗೆ ತಿರುಗಿತು,
ಹಣ್ಣು ಕದ್ದ ಮಗುವಿನ ನಾಲಿಗೆಯ ಹಾಗೆ.
ಇನ್ನು ಹತ್ತು ವರ್ಷಕ್ಕೆ ಕಂದು. ಆಮೇಲೆ ಕಂದೇ.
ಯಾವ ಡಬ್ಬಿಯಲ್ಲೂ ಇದಕ್ಕೆ ಮದ್ದಿಲ್ಲ;
ತಡ ಮಾಡಬಹುದು, ತಡೆಯಲಾಗದು.

ಪಡೌಕ್ ಮೇಲೆ ಸ್ಪಿರಿಟ್ ಒರೆಸಿ ಕೆಟ್ಟಿದ್ದೇನೆ ಒಮ್ಮೆ:
ಕೆಂಪು ಹರಿದು ಪಕ್ಕದ ಮೇಪಲ್ ಪಟ್ಟಿ ಗಾಯಕ್ಕೆ ಸುತ್ತಿದ ಬಟ್ಟೆ.
ಕೊಕೊಬೊಲೊ ಬೇರೆ ಥರದ ಹಟಮಾರಿ, ಮೈಯಲ್ಲೇ ಎಣ್ಣೆ,
ನಾವು ಹಚ್ಚಿದ್ದನ್ನು ಒಣಗಗೊಡದು;
ಮೂರು ವಾರದ ಮೇಲೂ ಎಳೆ ಬಾರದ ಪಾಕ, ಬೆರಳಿಗೆ ಅಂಟು.
ಅರಗು ಯಾರೊಡನೆಯೂ ಜಗಳಾಡದು.
ಯಾವುದೋ ದೇಶದ ಹುಳ ಕಟ್ಟಿಕೊಂಡ ಮನೆ ಅದು,
ಕರಗಿಸಿ ಇನ್ನಾವುದೋ ದೇಶದ ಮರಕ್ಕೆ ಬಳಿಯುತ್ತೇನೆ.
ಬಿಸಿ ಲೋಟ ಇಟ್ಟರೆ ಬಿಳಿಯ ಉಂಗುರ, ಅಷ್ಟೇ ದೋಷ.

ವ್ಯಾಪಾರಿಯ ಪಟ್ಟಿಯಲ್ಲಿ ಇದರ ಹೆಸರು ಪರದೇಶಿ ಗಟ್ಟಿಮರ.
ಪರದೇಶಿ.
ದೂರದಿಂದ ಬಂದವರಿಗೂ ಅದೇ ಮಾತು, ದಿಕ್ಕಿಲ್ಲದವರಿಗೂ.
ಇದರ ದಿಕ್ಕು ನನಗೆ ಗೊತ್ತು: ಸುರಿನಾಮ್, ಬ್ರೊಕೊಪೊಂಡೊ.
ಅಣೆಕಟ್ಟು ನದಿಯನ್ನು ನಿಲ್ಲಿಸಿದಾಗ
ಕಾಡು ನಿಂತಲ್ಲೇ ಮುಳುಗಿತು, ಅಜ್ಜಿಯ ಹಳ್ಳಿಯೂ.
ಅಜ್ಜಿ ಮರಗೆಣಸು ಹುರಿಯುವ ಹೆಂಚು ತಲೆಯ ಮೇಲಿಟ್ಟು ಹೊರಟಳು.
ಮರ ಹೊರಡಲಿಲ್ಲ.
ಅರವತ್ತು ವರ್ಷ ನೀರಡಿ ನಿಂತೇ ಇತ್ತು,
ಬೆನ್ನಿಗೆ ಗಾಳಿ ಕಟ್ಟಿಕೊಂಡ ಒಬ್ಬ
ಗರಗಸ ಹಿಡಿದು ಇಳಿದು ಬರುವ ತನಕ.

‘ನೀರು ಬಿದ್ದರೆ ಏನೂ ಆಗದಲ್ಲ?’ ತನ್ನೆಟ್ಯೆ ಕೇಳಿದಳು ನಿನ್ನೆ,
‘ಮೊಮ್ಮಕ್ಕಳು ಚೆಲ್ಲುತ್ತಾರೆ.’
ನಕ್ಕುಬಿಟ್ಟೆ, ಸ್ವಲ್ಪ ಜೋರಾಗಿಯೇ.
ಅವಳ ಮುಖ ಸಣ್ಣದಾಯಿತು.
ಕಾಫಿ ಕೊಟ್ಟು ಹೇಳಿದೆ, ನದಿಯ ಕತೆಯಲ್ಲ,
ವಾರ್ನಿಶ್ಶಿನ ಬೆಲೆ.

ಅವಳು ಹೋದ ಮೇಲೆ ಐದನೆಯ ತುಂಡು ಮೂಸಿದೆ.
ಕೆರೆಯ ವಾಸನೆ ಇರಬಹುದೆಂದು.
ಮರದ ಪುಡಿ, ನನ್ನ ಬೆವರು, ಬೇರೇನಿಲ್ಲ.

ಇವತ್ತು ಮೂರನೆಯ ಕೋಟು ಮುಗಿಯಿತು, ಅವಳು ಕೇಳಿದ ಹಾಗೆ.
ಅಡಿಗೂ ಹಚ್ಚಿದೆ, ಒಂದೇ ಮೈಗೆ ಹಚ್ಚಿದರೆ ಹಲಗೆ ಬಾಗುತ್ತದೆ;
ಅಂಗೈಯಗಲ ಮಾತ್ರ ಬಿಟ್ಟೆ, ಕಾಲಿನ ಸಂದಿಯ ಹತ್ತಿರ,
ಯಾರೂ ಬಗ್ಗಿ ನೋಡದಲ್ಲಿ.
ಅಲ್ಲಿ ಅದು ಬೂದಾಗಿರಲಿ, ಕಂದಾಗಲಿ,
ಅದರ ಇಷ್ಟ.